ಸರ್ಕಾರಿ ಆಸ್ಪತ್ರೆಯ ನೌಕರರ ಸೇವಾ ವಹಿಯನ್ನು ಮಾಹಿತಿ ಹಕ್ಕಿನಡಿ ಕೇಳಿದವರಿಗೆಲ್ಲ ಕೊಡಬೇಕೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ನೀವು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿದ್ದೀರಿ. ನಿಮಗೆ ಪರಿಚಯವೇ ಇಲ್ಲದ ಒಬ್ಬರು ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ನಿಮ್ಮ ಸೇವಾ ವಹಿಯ ಪೂರ್ಣ ಪ್ರತಿ, ರಜೆಯ ವಿವರ ಮತ್ತು ಅದಕ್ಕೆ ಲಗತ್ತಿಸಿದ ವೈದ್ಯಕೀಯ ಪ್ರಮಾಣಪತ್ರಗಳು, ವಾರ್ಷಿಕ ಕಾರ್ಯನಿರ್ವಹಣಾ ವರದಿ, ಆಸ್ತಿ ವಿವರ ಪಟ್ಟಿ ಇವಿಷ್ಟನ್ನೂ ಕೇಳಿದ್ದಾರೆ. ಕಚೇರಿಯಿಂದ ನಿಮಗೆ ನೋಟಿಸು ಬಂದಿದೆ. ಇದನ್ನು ತಡೆಯುವ ಹಕ್ಕು ನಿಮಗಿದೆಯೇ ಎಂಬುದು ನಿಮ್ಮ ಪ್ರಶ್ನೆ. ಆರೋಗ್ಯ ಇಲಾಖೆಯ ಸಿಬ್ಬಂದಿ ಶಾಖೆಯಲ್ಲಿ ಇಂಥ ಕಡತಗಳ ನಡುವೆಯೇ ಸೇವೆ ಮುಗಿಸಿ ನಿವೃತ್ತನಾದವನು ನಾನು. ವಕೀಲನಲ್ಲ, ಆದರೆ ಈ ವಿಷಯ ಕಚೇರಿಯ ಮೇಜಿನ ಮೇಲೆ ಹೇಗೆ ತೀರ್ಮಾನವಾಗುತ್ತದೆ ಎಂಬುದನ್ನು ಬಲ್ಲೆ.

ಮೊದಲು ಆ ನೋಟಿಸಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ಅದನ್ನು ಕಂಡು ಗಾಬರಿಯಾಗುವವರೇ ಹೆಚ್ಚು. ಅದು ನಿಮ್ಮ ಮೇಲಿನ ಕ್ರಮವಲ್ಲ. 2005ರ ಕಾಯ್ದೆಯ ಕಲಂ 11ರ ಪ್ರಕಾರ, ಅರ್ಜಿದಾರನೂ ಅಲ್ಲದ ಕಚೇರಿಯೂ ಅಲ್ಲದ ಮೂರನೆಯ ವ್ಯಕ್ತಿಯೊಬ್ಬರಿಗೆ ಸಂಬಂಧಿಸಿದ, ಆ ವ್ಯಕ್ತಿ ಗೋಪ್ಯವೆಂದು ಇಟ್ಟುಕೊಂಡಿರುವ ಮಾಹಿತಿಯನ್ನು ಕೊಡುವ ಆಲೋಚನೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಇದ್ದರೆ, ಅರ್ಜಿ ತಲುಪಿದ 5 ದಿನಗಳೊಳಗೆ ಆ ವ್ಯಕ್ತಿಗೆ ತಿಳಿಸಬೇಕು. ನೋಟಿಸು ಕೈಸೇರಿದ 10 ದಿನಗಳೊಳಗೆ ನೀವು ಲಿಖಿತವಾಗಿ ಅಥವಾ ಮೌಖಿಕವಾಗಿ ನಿಮ್ಮ ಅಭಿಪ್ರಾಯ ಹೇಳಬಹುದು. ಲಿಖಿತವಾಗಿಯೇ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ನಿಮ್ಮ ಆಕ್ಷೇಪಣೆ ಅಧಿಕಾರಿಯ ಕೈಯನ್ನು ಕಟ್ಟಿಹಾಕುವುದಿಲ್ಲ, ಆದರೆ ಅದನ್ನು ಪರಿಗಣಿಸದೆ ಅವರು ಆದೇಶ ಮಾಡುವಂತಿಲ್ಲ. ಆ 10 ದಿನಗಳನ್ನು ಸುಮ್ಮನೆ ಕಳೆದವರ ಕಡತದಲ್ಲಿ ‘ಆಕ್ಷೇಪಣೆ ಬಂದಿರುವುದಿಲ್ಲ’ ಎಂಬ ಒಂದು ಸಾಲು ಬೀಳುತ್ತದೆ. ಆಮೇಲೆ ಆ ಸಾಲಿನ ವಿರುದ್ಧ ವಾದಿಸುವುದು ಬಹಳ ಕಷ್ಟ.

ಇನ್ನು ಕಾನೂನು. ನೌಕರರ ವೈಯಕ್ತಿಕ ಮಾಹಿತಿಯ ಪ್ರಶ್ನೆ ಬಂದಾಗಲೆಲ್ಲ ಉಲ್ಲೇಖವಾಗುವ ಕಲಂ 8(1)(ಜೆ) ಮೂಲದಲ್ಲಿ ಎರಡು ಬದಿಯನ್ನೂ ತೂಗುತ್ತಿತ್ತು. ಸಾರ್ವಜನಿಕ ಚಟುವಟಿಕೆಗೆ ಅಥವಾ ಹಿತಾಸಕ್ತಿಗೆ ಸಂಬಂಧವಿಲ್ಲದ, ಇಲ್ಲವೇ ವ್ಯಕ್ತಿಯ ಖಾಸಗಿತನಕ್ಕೆ ಅನಗತ್ಯವಾಗಿ ನುಗ್ಗುವ ವೈಯಕ್ತಿಕ ಮಾಹಿತಿಯನ್ನು ಕೊಡಬೇಕಿಲ್ಲ. ಆದರೆ ವಿಶಾಲ ಸಾರ್ವಜನಿಕ ಹಿತ ಇದೆಯೆಂದು ಅಧಿಕಾರಿಗೆ ಮನವರಿಕೆಯಾದರೆ ಕೊಡಬೇಕು ಎಂದು ಅದು ಹೇಳುತ್ತಿತ್ತು. 2012ರ ಅಕ್ಟೋಬರ್ 3ರಂದು ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನೌಕರನೊಬ್ಬನ ಕಾರ್ಯನಿರ್ವಹಣೆ ಮುಖ್ಯವಾಗಿ ಅವನಿಗೂ ಅವನ ಇಲಾಖೆಗೂ ಸೇರಿದ ವಿಷಯವೆಂದೂ, ಅವನಿಗೆ ಕೊಟ್ಟ ಮೆಮೊ, ಕಾರಣ ಕೇಳಿ ನೋಟಿಸು, ದಂಡನೆ, ಆಸ್ತಿ ವಿವರ ಇವೆಲ್ಲ ವೈಯಕ್ತಿಕ ಮಾಹಿತಿಯೆಂದೂ ಹೇಳಿತು. 2017ರ ಆಗಸ್ಟ್‌ನಲ್ಲಿ ಕೆನರಾ ಬ್ಯಾಂಕ್ ಪ್ರಕರಣದಲ್ಲಿ ಗುಮಾಸ್ತ ದರ್ಜೆಯ ನೌಕರರ ವರ್ಗಾವಣೆ ಮತ್ತು ನಿಯುಕ್ತಿಯ ವಿವರಕ್ಕೂ ಅದೇ ಮಾತು ಅನ್ವಯವಾಯಿತು. ಅದೇ ತಿಂಗಳ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಅರ್ಜಿಯನ್ನು ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2019ರ ನವೆಂಬರ್ 13ರ ತೀರ್ಪಿನಲ್ಲಿ, ತನ್ನದೇ ಕಚೇರಿಯ ಮಾಹಿತಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಈ ತೂಕವನ್ನು ಪ್ರತಿ ಪ್ರಕರಣದಲ್ಲೂ ಮಾಡಲೇಬೇಕೆಂದು ವಿವರಿಸಿತು.

ಈಗ ಆ ಕಲಂ ಬದಲಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 44(3) ಅದನ್ನು ತಿದ್ದಿತು, 2025ರ ನವೆಂಬರ್‌ನಲ್ಲಿ ಆ ತಿದ್ದುಪಡಿ ಜಾರಿಗೆ ಬಂತು. ಇನ್ನು ಮುಂದೆ ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬ ಒಂದೇ ಮಾತು ಅಲ್ಲಿದೆ. ಸಾರ್ವಜನಿಕ ಚಟುವಟಿಕೆಯ ಮಾತಾಗಲಿ, ಶಾಸಕಾಂಗಕ್ಕೆ ನಿರಾಕರಿಸಲಾಗದ್ದನ್ನು ಯಾರಿಗೂ ನಿರಾಕರಿಸಬಾರದೆಂಬ ಉಪಬಂಧವಾಗಲಿ ಉಳಿದಿಲ್ಲ. ಮೇಲ್ನೋಟಕ್ಕೆ ಇದು ನಿಮಗೆ ಅನುಕೂಲ. ಆದರೆ ಕಲಂ 8(2) ಹಾಗೆಯೇ ಇದೆ: ಆಗುವ ಹಾನಿಗಿಂತ ಬಹಿರಂಗಪಡಿಸುವುದರಲ್ಲಿ ಸಾರ್ವಜನಿಕ ಹಿತ ಹೆಚ್ಚಿದ್ದರೆ ಕಚೇರಿ ಮಾಹಿತಿ ಕೊಡಬಹುದು. ನೌಕರರ ಹೆಸರು, ಹುದ್ದೆ, ಮಾಸಿಕ ವೇತನವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂಬ ಕಲಂ 4(1)(ಬಿ) ಕೂಡ ಹಾಗೆಯೇ ಇದೆ. ಹಾಗಾಗಿ ‘ನನ್ನದು ಏನನ್ನೂ ಕೊಡಬೇಡಿ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಡುವ ಸಲಹೆಯನ್ನು ನಿಮ್ಮ ಸಹೋದ್ಯೋಗಿಗಳು ಕೊಟ್ಟರೆ ದಯವಿಟ್ಟು ಅದನ್ನು ಅನುಸರಿಸಬೇಡಿ. ಒಟ್ಟಾರೆ ನಿರಾಕರಣೆ ಮೇಲ್ಮನವಿಯಲ್ಲಿ ದುರ್ಬಲವಾಗಿ ಕಾಣುತ್ತದೆ, ನಿಜವಾಗಿ ಕಾಪಾಡಬೇಕಾದ ಹಾಳೆಗಳೂ ಅದರೊಂದಿಗೆ ಅಪಾಯಕ್ಕೆ ಸಿಗುತ್ತವೆ.

ಸೇವಾ ವಹಿಯನ್ನು ಒಂದೇ ದಾಖಲೆ ಎಂದು ನೋಡುವುದರಿಂದಲೇ ಗೊಂದಲ ಹುಟ್ಟುತ್ತದೆ. ಅದರ ಮೊದಲ ಪುಟದಲ್ಲಿ ತಂದೆಯ ಹೆಸರು, ಜಾತಿ, ಊರಿನ ವಿಳಾಸ, ಎತ್ತರ, ಮೈಮೇಲಿನ ಗುರುತಿನ ಚಿಹ್ನೆ, ಬೆರಳಚ್ಚು ಇರುತ್ತವೆ. ಒಳಗೆಲ್ಲೋ ನಾಮನಿರ್ದೇಶನದ ನಮೂನೆಯಲ್ಲಿ ಗಂಡ, ಮಕ್ಕಳ ವಿವರ ಇರುತ್ತದೆ. ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಡುವವರ ಬೆರಳಚ್ಚಿನಿಂದ ಯಾವ ಸಾರ್ವಜನಿಕ ಹಿತ ಸಾಧಿಸುತ್ತದೆ? ಅದೇ ವಹಿಯಲ್ಲಿ ನೇಮಕಾತಿ ಆದೇಶದ ಸಂಖ್ಯೆ, ಸೇವೆಗೆ ಸೇರಿದ ದಿನ, ಕೆಲಸ ಮಾಡಿದ ಸ್ಥಳಗಳು, ಬಡ್ತಿ ಕೂಡ ಇರುತ್ತವೆ. ಇವುಗಳಲ್ಲಿ ಹಲವು ಜ್ಯೇಷ್ಠತಾ ಪಟ್ಟಿಯಲ್ಲಿ ಈಗಾಗಲೇ ಪ್ರಕಟವಾಗಿರುತ್ತವೆ. ಕೆನರಾ ಬ್ಯಾಂಕ್ ತೀರ್ಪನ್ನು ನಮ್ಮ ಇಲಾಖೆಯ ವರ್ಗಾವಣೆಗೂ ಹಾಗೇ ಹಚ್ಚುವುದು ಸರಿಯಲ್ಲವೆಂದು ನಾನು ನಂಬುತ್ತೇನೆ, ಏಕೆಂದರೆ ಕರ್ನಾಟಕದಲ್ಲಿ ವೈದ್ಯಾಧಿಕಾರಿಗಳು ಮತ್ತು ಇತರ ಸಿಬ್ಬಂದಿಯ ವರ್ಗಾವಣೆಯನ್ನು ನಿಯಂತ್ರಿಸಲು 2011ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದು ಕೌನ್ಸೆಲಿಂಗ್ ಮೂಲಕ ಸ್ಥಳ ಹಂಚುವ ಪದ್ಧತಿ ಬಂದಿದೆ. ಪಟ್ಟಿ ಎಲ್ಲರ ಕಣ್ಣೆದುರು ಇರಬೇಕೆಂಬುದೇ ಅದರ ಉದ್ದೇಶ.

ವೇತನದ ವಿಷಯದಲ್ಲೂ ಗೆರೆ ಸ್ಪಷ್ಟವಾಗಿದೆ. ಸರ್ಕಾರ ನಿಮಗೆ ಎಷ್ಟು ಕೊಡುತ್ತದೆ ಎಂಬುದು ಸಾರ್ವಜನಿಕ. ಆ ಹಣದಲ್ಲಿ ಸೊಸೈಟಿ ಸಾಲಕ್ಕೆ ಎಷ್ಟು, ಕೆಜಿಐಡಿಗೆ (ರಾಜ್ಯ ಸರ್ಕಾರಿ ನೌಕರರ ವಿಮಾ ಇಲಾಖೆಗೆ) ಎಷ್ಟು, ಎಲ್‌ಐಸಿಗೆ ಎಷ್ಟು ಕಡಿತವಾಗುತ್ತದೆ ಎಂಬುದು ನಿಮ್ಮ ಮನೆಯ ವಿಷಯ. ಆಸ್ತಿ ವಿವರ ಪಟ್ಟಿ ಮತ್ತು ವಾರ್ಷಿಕ ಕಾರ್ಯನಿರ್ವಹಣಾ ವರದಿಗಳಿಗೆ ದೇಶಪಾಂಡೆ ತೀರ್ಪಿನ ಆಸರೆಯಿದೆ. ವರದಿಯನ್ನು ಸ್ವತಃ ನಿಮಗೆ ತಿಳಿಸಲೇಬೇಕೆಂದು 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ತೀರ್ಮಾನವಾಗಿದೆ, ಆದರೆ ಅದು ನಿಮ್ಮ ಹಕ್ಕು, ಅಪರಿಚಿತರದ್ದಲ್ಲ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ರಜೆಯ ಕಡತ. ಬೇರೆ ಇಲಾಖೆಯ ನೌಕರರಿಗಿಂತ ಆರೋಗ್ಯ ಕಾರ್ಯಕರ್ತರ ಕಡತದಲ್ಲಿ ಕಾಯಿಲೆಯ ಮಾಹಿತಿ ಹೆಚ್ಚು, ಏಕೆಂದರೆ ಅವರು ಕಾಯಿಲೆಯ ನಡುವೆಯೇ ದುಡಿಯುತ್ತಾರೆ. ವಾರ್ಡಿನಲ್ಲಿ ಸೂಜಿ ಚುಚ್ಚಿಕೊಂಡ ಘಟನೆಯ ವರದಿ, ಆಮೇಲೆ ನಡೆದ ರಕ್ತ ಪರೀಕ್ಷೆ, ಕ್ಷಯ ತಗುಲಿ ತೆಗೆದುಕೊಂಡ ಪರಿವರ್ತಿತ ರಜೆ (ಅರ್ಧ ವೇತನದ ರಜೆಯನ್ನು ಪೂರ್ಣ ವೇತನದ ರಜೆಯಾಗಿ ಬದಲಿಸಿಕೊಂಡದ್ದು), ಗರ್ಭಪಾತದ ರಜೆ, ಮನೋವೈದ್ಯರ ಪ್ರಮಾಣಪತ್ರ ಇವೆಲ್ಲ ಒಂದೇ ದಾರದಲ್ಲಿ ಹೊಲಿದಿರುತ್ತವೆ. ಇವುಗಳಿಗೆ ಮಾಹಿತಿ ಹಕ್ಕು ಕಾಯ್ದೆಯ ಆಚೆಗೂ ರಕ್ಷಣೆಯಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ನ್ಯಾಯಾಲಯದ ಆದೇಶ ಅಥವಾ ಆ ವ್ಯಕ್ತಿಯ ತಿಳಿವಳಿಕೆಯ ಲಿಖಿತ ಸಮ್ಮತಿಯಂಥ ಸೀಮಿತ ಸಂದರ್ಭಗಳನ್ನು ಬಿಟ್ಟರೆ ಯಾರೊಬ್ಬರ ಎಚ್‌ಐವಿ ಸ್ಥಿತಿಯನ್ನೂ ಹೊರಗೆಡಹುವಂತಿಲ್ಲ. ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಲಂ 23 ಗೋಪ್ಯತೆಯ ಹಕ್ಕನ್ನು ಕೊಡುತ್ತದೆ. ಲೈಂಗಿಕ ಕಿರುಕುಳದ ದೂರು ಕಡತದಲ್ಲಿದ್ದರೆ, 2013ರ ಕಾಯ್ದೆಯ ಕಲಂ 16, ಮಾಹಿತಿ ಹಕ್ಕು ಕಾಯ್ದೆಯಲ್ಲಿ ಏನೇ ಇದ್ದರೂ ದೂರಿನ ವಿವರವನ್ನೂ ದೂರುದಾರಳ ಗುರುತನ್ನೂ ಬಹಿರಂಗಪಡಿಸಬಾರದೆಂದು ನೇರವಾಗಿ ಹೇಳುತ್ತದೆ. ಮನೆಯ ವಿಳಾಸ ಮತ್ತು ಮೊಬೈಲ್ ಸಂಖ್ಯೆಯನ್ನು ಹಗುರವಾಗಿ ಎಣಿಸುವ ಅಧಿಕಾರಿಗಳೂ ಇದ್ದಾರೆ. 2020ರಲ್ಲಿ ಕೊರೋನಾ ವಾರ್ಡಿನಲ್ಲಿ ಕೆಲಸ ಮಾಡುತ್ತಾರೆಂದು ತಿಳಿದೇ ದಾದಿಯರನ್ನು ಬಾಡಿಗೆ ಮನೆಯಿಂದ ಹೊರಹಾಕಿದ ದೇಶದಲ್ಲಿ ವಿಳಾಸ ಹಗುರವಾದ ಮಾಹಿತಿಯಲ್ಲ.

ಹಾಗೆಂದು ಅರ್ಜಿದಾರರನ್ನೆಲ್ಲ ಕಿರುಕುಳ ಕೊಡುವವರೆಂದು ಭಾವಿಸುವುದು ಅನ್ಯಾಯ. ಹೆಸರು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸಂಬಳವೂ ಅಲ್ಲಿಂದಲೇ, ಕೆಲಸ ಮಾತ್ರ ನಿಯೋಜನೆಯ ಮೇಲೆ ನಗರದಲ್ಲಿ ಎಂಬ ಪರಿಸ್ಥಿತಿ ಹಳ್ಳಿಯವರಿಗೆ ಹೊಸದೇನಲ್ಲ. ಹೆರಿಗೆ ನೋವಿನಲ್ಲಿ ಬಂದವಳಿಗೆ ಬಾಗಿಲು ತೆರೆಯುವವರಿಲ್ಲದ ರಾತ್ರಿಯಲ್ಲಿ ಕರ್ತವ್ಯದಲ್ಲಿ ಯಾರಿರಬೇಕಿತ್ತು ಎಂದು ಆ ಊರಿನವರು ಕೇಳಿದರೆ, ಡ್ಯೂಟಿ ಪಟ್ಟಿ, ಹಾಜರಾತಿ ವಹಿ, ಚಲನವಲನ ವಹಿ, ನಿಯೋಜನಾ ಆದೇಶ ಇವುಗಳನ್ನು ಖಾಸಗಿತನದ ಹೆಸರಿನಲ್ಲಿ ಮುಚ್ಚಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವು ಹುದ್ದೆಯ ಲೆಕ್ಕ. ವಿದ್ಯಾರ್ಹತೆ ಮತ್ತು ಶುಶ್ರೂಷಾ ಪರಿಷತ್ತಿನ ನೋಂದಣಿಯೂ ಹಾಗೆಯೇ, ನಕಲಿ ಅಂಕಪಟ್ಟಿಯ ಸಂಶಯವಿದ್ದಲ್ಲಿ ರೋಗಿಗೆ ಅದು ಪ್ರಾಣದ ಪ್ರಶ್ನೆ. ತಿದ್ದುಪಡಿಯ ನಂತರ ಇಂಥ ಅರ್ಜಿಗಳಿಗೂ ‘ವೈಯಕ್ತಿಕ ಮಾಹಿತಿ’ ಎಂಬ ಮೊಹರು ಬೀಳುತ್ತದೆಂಬ ಆತಂಕ ನನಗಿದೆ. ಆಗ ಪ್ರತಿದಿನ ಸರಿಯಾದ ವೇಳೆಗೆ ಬಂದು ದುಡಿಯುವ ನಿಮ್ಮಂಥವರ ದಾಖಲೆಯೂ ಬಾರದವರ ದಾಖಲೆಯೂ ಒಂದೇ ಬೀರುವಿನಲ್ಲಿ ಬೀಗ ಹಾಕಿಸಿಕೊಳ್ಳುತ್ತವೆ, ಜನರ ಸಂಶಯ ಮಾತ್ರ ಎಲ್ಲರ ಮೇಲೂ ಹರಡುತ್ತದೆ.

ಆದ್ದರಿಂದ ನಿಮ್ಮ ಉತ್ತರವನ್ನು ಹೀಗೆ ಬರೆಯಿರಿ. ಅರ್ಜಿಯ ಪ್ರತಿಯನ್ನು ನೋಟಿಸಿನ ಜೊತೆ ಕೊಟ್ಟಿರದಿದ್ದರೆ ಮೊದಲು ಅದನ್ನು ಕೇಳಿ ಪಡೆಯಿರಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳ ಮಿತಿಯಲ್ಲಿರಬೇಕು. ಒಂದೇ ಅರ್ಜಿಯಲ್ಲಿ ನಾಲ್ಕು ವಿಷಯ ತುರುಕಿದ್ದರೆ ಅದನ್ನು ಗಮನಕ್ಕೆ ತರಬಹುದು, ಆದರೆ ನಿಮ್ಮ ವಾದವೆಲ್ಲ ಅದರ ಮೇಲೆಯೇ ನಿಲ್ಲದಿರಲಿ. ಅರ್ಜಿದಾರರ ಉದ್ದೇಶವನ್ನು ಪ್ರಶ್ನಿಸುವುದಕ್ಕೂ ಹೆಚ್ಚು ಜಾಗ ಕೊಡಬೇಡಿ, ಏಕೆಂದರೆ ಕಲಂ 6(2)ರ ಪ್ರಕಾರ ಅವರು ಕಾರಣ ಹೇಳಬೇಕಾಗಿಯೇ ಇಲ್ಲ. ನಂತರ, ಸೇರಿದ ದಿನಾಂಕ, ಹುದ್ದೆ, ಕೆಲಸ ಮಾಡಿದ ಸ್ಥಳ, ವೇತನ ಶ್ರೇಣಿ, ನೋಂದಣಿ ವಿವರಗಳನ್ನು ಕೊಡಲು ನಿಮ್ಮ ಅಡ್ಡಿಯಿಲ್ಲವೆಂದು ಸ್ಪಷ್ಟವಾಗಿ ಹೇಳಿ. ರಜೆಯ ವಿಷಯದಲ್ಲಿ ರಜೆಯ ಅವಧಿಯನ್ನು ಕೊಡಬಹುದು, ರಜೆಯ ಕಾರಣ ಮತ್ತು ವೈದ್ಯಕೀಯ ಪ್ರಮಾಣಪತ್ರವನ್ನು ಕೊಡಬಾರದೆಂದು ಬರೆಯಿರಿ. ಉಳಿದ ಪ್ರತಿಯೊಂದು ಹಾಳೆಗೂ ಏಕೆ ಆಕ್ಷೇಪಣೆ, ಯಾವ ಹಾನಿ, ಯಾವ ಕಾನೂನು ಎಂದು ಒಂದೆರಡು ವಾಕ್ಯಗಳಲ್ಲಿ ಕಾರಣ ಕೊಡಿ. ಕೊಡಬಹುದಾದ ಮತ್ತು ಕೊಡಬಾರದ ಮಾಹಿತಿ ಒಂದೇ ಪುಟದಲ್ಲಿದ್ದರೆ, ಕಲಂ 10ರಂತೆ ಕೊಡಬಾರದ ಭಾಗವನ್ನು ಮರೆಮಾಡಿ ಉಳಿದದ್ದನ್ನು ಮಾತ್ರ ಕೊಡುವಂತೆ ಕೋರಿ. ಇಷ್ಟು ವಿವರವಾದ ಉತ್ತರ ಕೈಯಲ್ಲಿದ್ದರೆ ಗುಮಾಸ್ತನಿಗೂ ಟಿಪ್ಪಣಿ ಬರೆಯುವುದು ಸುಲಭ, ಅಧಿಕಾರಿಗೂ ನಿಮ್ಮ ಮಾತನ್ನು ತಳ್ಳಿಹಾಕುವುದು ಕಷ್ಟ.

ಅರ್ಜಿ ಬಂದ 40 ದಿನಗಳೊಳಗೆ ಅಧಿಕಾರಿ ತೀರ್ಮಾನ ಮಾಡಿ ನಿಮಗೂ ಲಿಖಿತವಾಗಿ ತಿಳಿಸಬೇಕು, ಮೇಲ್ಮನವಿಯ ಹಕ್ಕು ಇದೆಯೆಂಬುದನ್ನೂ ಆ ಪತ್ರದಲ್ಲಿ ನಮೂದಿಸಬೇಕು. ತೀರ್ಮಾನ ನಿಮಗೆ ವಿರುದ್ಧವಾದರೆ ಆದೇಶದ ದಿನಾಂಕದಿಂದ 30 ದಿನಗಳೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಮೊದಲ ಮೇಲ್ಮನವಿ ಸಲ್ಲಿಸಿದ ದಿನವೇ ಅದರ ಸ್ವೀಕೃತಿ ಪ್ರತಿಯನ್ನು ಮಾಹಿತಿ ಅಧಿಕಾರಿಗೂ ಕೊಟ್ಟು, ಮೇಲ್ಮನವಿ ಇತ್ಯರ್ಥವಾಗುವವರೆಗೆ ಆ ಹಾಳೆಗಳನ್ನು ಬಿಡುಗಡೆ ಮಾಡಬಾರದೆಂದು ಪ್ರತ್ಯೇಕ ಪತ್ರದಲ್ಲಿ ಕೋರಿ, ಏಕೆಂದರೆ ವೈದ್ಯಕೀಯ ಪ್ರಮಾಣಪತ್ರವೊಂದು ಒಮ್ಮೆ ಹೊರಗೆ ಹೋದಮೇಲೆ ಅದನ್ನು ಹಿಂದಕ್ಕೆ ತರಿಸುವ ಆದೇಶ ಯಾರಿಂದಲೂ ಸಾಧ್ಯವಿಲ್ಲ.