ಹಳೇ ಸ್ಪೋರ್ಟ್ಸ್ ಕಾರು, ಘಟ್ಟದ ರಸ್ತೆ: ಸಸ್ಪೆನ್ಷನ್‌ಗೆ ಏನು ಮಾಡಿಸಬೇಕು?

ಪ್ರಶ್ನೆ: ನನ್ನ ಹತ್ತಿರ 2004ರ ಪೋರ್ಷೆ ಬಾಕ್ಸ್‌ಸ್ಟರ್ ಇದೆ, 2.7 ಲೀಟರ್ ಎಂಜಿನ್ನಿನದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟದ ಮೇಲೆ ಓಡಾಡುತ್ತೇನೆ. ತಿರುವಿನಲ್ಲಿ ಗಾಡಿ ತೇಲಿದ ಹಾಗಾಗುತ್ತದೆ. ಸಣ್ಣ ಹೊಂಡಕ್ಕೂ ಮುಂದಿನಿಂದ ಕಟಕಟ ಸದ್ದು. ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ಸ್ ಜೋಡಿ) ಹಾಕಿಸಿ ಗಾಡಿ 40 ಮಿ.ಮೀ. ತಗ್ಗಿಸು, 18 ಇಂಚಿನ ವೀಲ್ ಹಾಕು, ಕೀಲುಗಳಿಗೆ ರಬ್ಬರಿನ ಬದಲು ಗಟ್ಟಿ ಪಾಲಿ ಬುಶ್ ಹಾಕು ಅಂತ ಗೆಳೆಯರು ಹೇಳುತ್ತಿದ್ದಾರೆ. ನಾನು ಟ್ರ್ಯಾಕ್‌ಗೆ ಹೋಗುವವನಲ್ಲ. ಏನು ಮಾಡಲಿ ಸರ್?
– ಓದುಗರು, ಕುಮಟಾ

ಉತ್ತರ: ದಯವಿಟ್ಟು ತಗ್ಗಿಸಬೇಡಿ. ನಿಮ್ಮ ಗಾಡಿಗೆ ಈಗ ಬೇಕಾಗಿರುವುದು ರಿಪೇರಿ. ಇಪ್ಪತ್ತು ವರ್ಷ ದಾಟಿದ ರಬ್ಬರ್, ದಣಿದ ಶಾಕ್ಸ್ ಇಟ್ಟುಕೊಂಡು ಓಡಿಸುತ್ತಿದ್ದೀರಿ. ಈ ಗಾಡಿ ಹೊಸದರಲ್ಲಿ ಹೇಗೆ ಓಡುತ್ತಿತ್ತು ಅನ್ನೋದು ನಿಮಗೆ ಇನ್ನೂ ಗೊತ್ತೇ ಆಗಿಲ್ಲ.

ಮೊದಲು ಆ ಕಟಕಟ ಸದ್ದು ಹಿಡಿಯೋಣ. ಸಣ್ಣ ಹೊಂಡಕ್ಕೆ, ನಿಧಾನಕ್ಕೆ ಹೋಗುವಾಗ ಬರುತ್ತಿದ್ದರೆ ಹೆಚ್ಚಾಗಿ ಅದು ಲಿಂಕ್ ರಾಡ್. ಗಾಡಿ ಹೆಚ್ಚು ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್ ಅನ್ನು ಸ್ಟ್ರಟ್‌ಗೆ, ಅಂದರೆ ಸ್ಪ್ರಿಂಗ್ ಮತ್ತು ಶಾಕ್ಸ್ ಸೇರಿದ ಕಂಬಕ್ಕೆ, ಸೇರಿಸುವ ಸಣ್ಣ ಕಡ್ಡಿ ಅದು. ಹೆಚ್ಚು ಖರ್ಚಿನದಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಕ್ ಅಂತ ಜಿಗಿದ ಹಾಗೆ ಕೇಳಿಸಿದರೆ ಮುಂದಿನ ಸ್ಟ್ರಟ್ ಮೌಂಟ್ (ಸ್ಟ್ರಟ್ಟಿನ ಮೇಲ್ತುದಿಯನ್ನು ಬಾಡಿಗೆ ಹಿಡಿಯುವ ಭಾಗ), ಅದರ ಬೇರಿಂಗ್ ನೋಡಿಸಿ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆದರೆ ಬ್ರೇಕಿನ ಜೊತೆ ಲೋವರ್ ಆರ್ಮಿನ, ಅಂದರೆ ಚಕ್ರವನ್ನು ಬಾಡಿಗೆ ಸೇರಿಸುವ ಕೆಳಗಿನ ತೋಳಿನ, ಬುಶ್ಶನ್ನೂ (ಕೀಲಿನ ರಬ್ಬರ್) ನೋಡಬೇಕು. ಈ ಮಾಡೆಲ್ಲಿನಲ್ಲಿ ಆ ಬುಶ್ ಹರಿಯುವುದು ತೀರಾ ಮಾಮೂಲಿ. ಬಾಲ್ ಜಾಯಿಂಟ್ (ಚಕ್ರದ ಕಡೆಯ ಗುಂಡು ಕೀಲು) ಸಮೇತ ಇಡೀ ಆರ್ಮನ್ನೇ ಬದಲಿಸುವುದು ಒಳ್ಳೆಯದು.

ಆರ್ಮ್ ಹಾಕಿಸುವಾಗ ಗ್ಯಾರೇಜಿನಲ್ಲಿ ಎದುರಿಗೇ ನಿಂತು ಒಂದು ವಿಷಯ ನೋಡಿ. ಗಾಡಿ ಲಿಫ್ಟ್ ಮೇಲಿದ್ದು ಚಕ್ರ ಜೋತುಬಿದ್ದಿರುವಾಗ ಬುಶ್ ಬೋಲ್ಟನ್ನು ಪೂರ್ತಿ ಬಿಗಿ ಮಾಡಬಾರದು. ಮಾಡಿದರೆ, ಗಾಡಿ ಕೆಳಗಿಳಿದ ತಕ್ಷಣ ರಬ್ಬರ್ ತಿರುಚಿಕೊಳ್ಳುತ್ತದೆ. ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಹೊಸ ಬುಶ್ ಬೇಗ ಹರಿದು ಹೋಗಲು ಇಷ್ಟು ಸಾಕು. ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ಮೇಲೆ, ಬಿಗಿ ಅಳೆಯುವ ಟಾರ್ಕ್ ರೆಂಚ್ ಹಿಡಿದು ಕಡೆಯ ಬಿಗಿ ಕೊಡಬೇಕು. ಅವಸರದಲ್ಲಿ ಇದನ್ನು ಬಿಟ್ಟುಬಿಡುವವರೇ ಜಾಸ್ತಿ.

ಈಗ ತಗ್ಗಿಸುವ ವಿಚಾರ. ನಿಮ್ಮ ಗಾಡಿಗೆ ನಾಲ್ಕೂ ಕಡೆ ಮ್ಯಾಕ್‌ಫರ್ಸನ್ ಸ್ಟ್ರಟ್. ಇಂಥ ಗಾಡಿ ತಗ್ಗಿಸಿದಾಗ ಲೋವರ್ ಆರ್ಮ್ ನಿಲ್ಲುವ ಕೋನವೇ ಬದಲಾಗುತ್ತದೆ. ಗಾಡಿಯ ಭಾರ ಎಷ್ಟು ಕೆಳಗೆ ಬಂತೋ, ಗಾಡಿ ವಾಲುವ ಕೇಂದ್ರ ಅದಕ್ಕಿಂತ ಜಾಸ್ತಿ ಕೆಳಗಿಳಿಯುತ್ತದೆ. ಇವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ಗಾಡಿ ವಾಲುವುದು ಹೆಚ್ಚು. ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಬೇಕು. ಗಟ್ಟಿ ಸ್ಪ್ರಿಂಗ್ ನಯವಾದ ಟ್ರ್ಯಾಕ್‌ಗೆ ಸರಿ. ಕತಗಾಲ ದಾಟಿ ಘಟ್ಟ ಹತ್ತುವಾಗ ಚಕ್ರ ನೆಲ ಬಿಟ್ಟು ಕುಣಿಯುತ್ತದೆ, ಅಷ್ಟೇ.

ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ತಗ್ಗಿಸಿದರೆ ಚಕ್ರ ಮೇಲೆ ಹೋಗಲು ಇರುವ ಜಾಗ ಕಮ್ಮಿಯಾಗುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಆಗಲೇ ಒತ್ತಿಕೊಂಡಿರುತ್ತದೆ. ಅಲ್ಲೇ ಒಂದು ಹೊಂಡ ಸಿಕ್ಕಿದರೆ ಅದು ಹೋಗಿ ಬಂಪ್ ಸ್ಟಾಪಿಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರಿಗೆ, ಬಡಿಯುತ್ತದೆ. ಆ ಕ್ಷಣ ಸ್ಪ್ರಿಂಗ್ ಇದ್ದೂ ಇಲ್ಲದ ಲೆಕ್ಕ. ಟಯರ್ ಹಿಡಿತ ಬಿಡುತ್ತದೆ. ನಿಮ್ಮ ಗಾಡಿಯ ಎಂಜಿನ್ ಸೀಟಿನ ಬೆನ್ನ ಹಿಂದೆಯೇ ಇದೆ. ಹಿಂಭಾಗ ಒಮ್ಮೆ ಜಾರಿದರೆ ಸಾವರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಮಳೆಗಾಲದ ಘಟ್ಟದಲ್ಲಿ, ಎದುರಿಗೆ ಲಾರಿ ಬರುವಾಗ, ಇದು ಆಗಲೇಬಾರದು.

ಆ ತೇಲುವಿಕೆಗೆ ಮುಖ್ಯ ಕಾರಣ ಶಾಕ್ಸ್ ಇರಬೇಕು. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಮತ್ತೆ ಮತ್ತೆ ಏರಿಳಿಯದಂತೆ ತಡೆಯುವುದು ಶಾಕ್ಸ್. ರಸ್ತೆಯ ತಗ್ಗು ಇಳಿದು ಹತ್ತಿದ ಮೇಲೆ ಗಾಡಿ ಒಂದೇ ಸಲಕ್ಕೆ ನಿಲ್ಲಬೇಕು. ಇನ್ನೂ ಎರಡು ಸಲ ತೂಗಿದರೆ ಶಾಕ್ಸ್ ಮುಗಿದಿದೆ ಅಂತ ಅರ್ಥ, ಎಣ್ಣೆ ಸೋರದಿದ್ದರೂ ಸಹ. ನನ್ನ ಆಯ್ಕೆ ಬಿಲ್‌ಸ್ಟೀನ್ ಬಿ6. ಕಂಪನಿಯ ಮೂಲ ಸ್ಪ್ರಿಂಗ್ ಮತ್ತು ಎತ್ತರಕ್ಕೆ ಹೊಂದುವಂತೆ ಮಾಡಿದ್ದು. ಬಿ8 ಅಂತಲೂ ಒಂದಿದೆ, ಅದು ತಗ್ಗಿಸಿದ ಗಾಡಿಗೆ. ಆರ್ಡರ್ ಮಾಡುವಾಗ ಅದಲುಬದಲಾಗದಂತೆ ನೋಡಿಕೊಳ್ಳಿ. ಬಿ6 ಹಾಕಿದ ಮೇಲೆ ನಿಧಾನಕ್ಕೆ ಹೋಗುವಾಗ ಸ್ವಲ್ಪ ಗಟ್ಟಿ ಅನ್ನಿಸುತ್ತದೆ, ಆದರೆ ವೇಗ ಹೆಚ್ಚಿದಷ್ಟೂ ಗಾಡಿ ನೆಲಕ್ಕೆ ಕಚ್ಚಿಕೊಂಡು ಹೋಗುತ್ತದೆ. ಅಷ್ಟು ಗಟ್ಟಿ ಬೇಡ ಅಂದರೆ ಸ್ಟ್ಯಾಂಡರ್ಡ್ ಶಾಕ್ಸೇ ಹೊಸದು ಹಾಕಿಸಿ. ಯಾವುದನ್ನೇ ಹಾಕಿಸಿದರೂ ನಾಲ್ಕನ್ನೂ ಒಟ್ಟಿಗೆ, ಜೊತೆಗೆ ಹೊಸ ಮೌಂಟ್ ಮತ್ತು ಬಂಪ್ ಸ್ಟಾಪ್.

18 ಇಂಚಿನ ವೀಲ್ ಬೇಡ. ಟಯರಿನ ಗೋಡೆ ತೆಳುವಾದಷ್ಟೂ ಹೊಂಡದ ಪೆಟ್ಟು ನೇರ ರಿಮ್ಮಿಗೆ. 17 ಇಂಚಿನದಿದ್ದರೆ ಟಯರಿನ ಅಳತೆ ಮುಂದೆ 205/50, ಹಿಂದೆ 255/40 ಅಂತಲೇ ಇರಲಿ. ಟಯರಿನ ಮೇಲಿನ ನಾಲ್ಕಂಕಿ ತಾರೀಕು ಓದಿ. 2318 ಅಂತ ಇದ್ದರೆ 2018ರ 23ನೇ ವಾರ. ಅಷ್ಟು ಹಳೆಯದಾಗಿದ್ದರೆ ಗ್ರಿಪ್ ಎಷ್ಟೇ ಕಂಡರೂ ಬದಲಿಸಿ. ನಿಜ ಹೇಳಬೇಕೆಂದರೆ ಮೊದಲ ಖರ್ಚು ಇಲ್ಲೇ ಆಗಬೇಕು.

ಪಾಲಿ ಬುಶ್ ರಸ್ತೆಯ ಗಾಡಿಗೆ ನನಗೆ ಇಷ್ಟವಿಲ್ಲ. ಸದ್ದು, ನಡುಕ ಎಲ್ಲ ಒಳಗೆ ಬರುತ್ತದೆ. ದಪ್ಪ ಆ್ಯಂಟಿ ರೋಲ್ ಬಾರ್ ಕೂಡ ಈಗ ಬೇಡ. ಒಂದು ಚಕ್ರ ಹೊಂಡಕ್ಕೆ ಬಿದ್ದರೆ ಅದು ಇನ್ನೊಂದನ್ನೂ ಎಳೆಯುತ್ತದೆ.

ಕೆಲಸ ಮುಗಿದ ಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಕಡ್ಡಾಯ. ಮುಂದಿನ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿ ನಿಂತ ಕೋನ) ಮಾತ್ರ ನೋಡಿ ಕಳಿಸುವ ಕಡೆ ಹೋಗಬೇಡಿ. ಈ ಗಾಡಿಯ ನಡತೆ ನಿಂತಿರುವುದೇ ಹಿಂದಿನ ಟೋ ಮೇಲೆ. ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕಾದರೂ ಹೋಗಿ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಪ್ರಿಂಟ್ ಕೇಳಿ ತಗೊಳ್ಳಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸವೆದ ಶಾಕ್ಸ್ ತೆಗೆದು ಅದೇ ಅಳತೆಯ ಹೊಸದು ಹಾಕುವುದು ಬೇರೆ, ಗಾಡಿಯ ಎತ್ತರವನ್ನೇ ಬದಲಿಸುವುದು ಬೇರೆ. ನೋಂದಣಿ ನವೀಕರಣಕ್ಕೆ ಹೋದಾಗಲೂ ಅಪಘಾತದ ನಂತರ ವಿಮೆ ಕೇಳುವಾಗಲೂ ತಕರಾರು ಬರಬಾರದು, ಅಲ್ವಾ?

ಪ್ರಶ್ನೆ: ಕಾರವಾರದಲ್ಲಿ ಸಮುದ್ರದ ಹತ್ತಿರವೇ ಮನೆ. ಹಳೇ ಕಾರಿನ ಸ್ಪ್ರಿಂಗ್ ಒಂದು ತುಂಡಾಯಿತು. ಉಪ್ಪು ಗಾಳಿಯಿಂದಲೇ?
– ಓದುಗರು, ಕಾರವಾರ

ಉತ್ತರ: ಬಹುಮಟ್ಟಿಗೆ ಹೌದು. ಸ್ಪ್ರಿಂಗಿನ ತೀರಾ ಕೆಳಗಿನ ಸುತ್ತು ತಟ್ಟೆಯೊಳಗೆ ಕೂತಿರುತ್ತದೆ. ಅಲ್ಲಿ ಮಣ್ಣು, ಉಪ್ಪು, ನೀರು ಸೇರಿಕೊಳ್ಳುತ್ತವೆ. ಬಣ್ಣ ಎದ್ದು, ತುಕ್ಕು ಹಿಡಿದು, ಒಂದು ದಿನ ಅಲ್ಲೇ ಮುರಿಯುತ್ತದೆ. ಮುರಿದ ತುದಿ ಟಯರನ್ನು ಸೀಳಬಹುದು. ಹಾಗಾಗಿ ಆ ಗಾಡಿ ಈಗ ಓಡಿಸಬೇಡಿ. ಎಡಬಲ ಎರಡೂ ಸ್ಪ್ರಿಂಗ್ ಒಟ್ಟಿಗೆ ಬದಲಿಸಿ. ಮುಂದೆ ವಾರಕ್ಕೊಮ್ಮೆ ಗಾಡಿಯ ಅಡಿಗೆ, ವೀಲ್ ಒಳಗಡೆಗೆ ಬಾವಿ ನೀರು ಹೊಡೆಯಿರಿ. ಬೋಲ್ಟಿಗೆ ತಾಮ್ರದ ಗ್ರೀಸ್ ಹಚ್ಚಿಸಬೇಕೆಂದಿದ್ದರೆ ಮೊದಲೇ ಮೆಕ್ಯಾನಿಕ್‌ಗೆ ತಿಳಿಸಿ, ಆಗ ಎಷ್ಟು ಬಿಗಿ ಕೊಡಬೇಕೆಂಬ ಲೆಕ್ಕ ಬದಲಾಗುತ್ತದೆ.