ಮಾತಿಗೂ ದುಡ್ಡೇನ್ರಿ? ಬೀಳಗಿಯ ಮಾಸ್ತರರಿಗೆ ಸಂಪಾದಕರ ಉತ್ತರ

ಮಾಸ್ತರರಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದೀರಿ, ಅಲ್ಲೇ ನಿಮ್ಮ ಸಿಟ್ಟು ಗೊತ್ತಾಯಿತು. ವಿಜಯಪುರದಲ್ಲಿ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಬಿ.ಎ. ಓದುತ್ತಿರುವ ನಿಮ್ಮ ಮೊಮ್ಮಗಳು ಅದನ್ನು ಹಿಡಿದುಕೊಂಡು ಬಂದು, ‘ಅಜ್ಜಾ, ನಾನೂ ಇದನ್ನೇ ಮಾಡ್ತೀನಿ’ ಅಂದಳಂತೆ. ಈಗ ನೀವು ನನ್ನನ್ನು ಕೇಳುತ್ತಿದ್ದೀರಿ. ಗುಳಿಗೆ ಇಲ್ಲ, ಇಂಜೆಕ್ಷನ್ ಇಲ್ಲ, ಇವರು ಎಂಥ ಡಾಕ್ಟರು? ಬರೀ ಮಾತಿಗೆ ಯಾಕೆ ದುಡ್ಡು, ಪುಕ್ಕಟೆ ಬುದ್ಧಿ ಹೇಳೋಕೆ ಊರ ಕಟ್ಟೆ ಮೇಲೆ ಹತ್ತು ಮಂದಿ ಇಲ್ಲವೇ? ಇದರಿಂದ ಹುಡುಗಿಯ ಹೊಟ್ಟೆ ತುಂಬುತ್ತಾ?

ಮೊದಲು ನಮ್ಮ ತಪ್ಪು. ತಲೆಬರಹದಲ್ಲಿ ಅವರನ್ನು ‘ಮನೋವೈದ್ಯೆ’ ಎಂದು ಹಾಕಿದೆವು. ಜಾಗ ಕಡಿಮೆ ಇತ್ತು, ಚಿಕ್ಕ ಪದ ಬೇಕಿತ್ತು, ಹಾಕಿದವನು ನಾನೇ. ಅವರು ಫೋನ್ ಮಾಡಿ ನಗುತ್ತಲೇ ಬೈದರು. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ, ಆಮೇಲೆ ಮಾನಸಿಕ ರೋಗಗಳಲ್ಲಿ ಎಂ.ಡಿ.ಯಂಥ ಪದವಿ ಪಡೆದವರು. ಗುಳಿಗೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಗುಳಿಗೆ ಬರೆಯುವುದಿಲ್ಲ. ಇವರು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ, ಎರಡು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು. ಅದನ್ನೇ ಆರ್‌ಸಿಐ ಅನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಬ್ಬರಿಗೂ ಬೇರೆ ಬೇರೆ ವ್ಯಾಖ್ಯೆ ಇದೆ. ನಾನು ಎರಡನ್ನೂ ಕಲಸಿಬಿಟ್ಟೆ.

ಇನ್ನು ನಿಮ್ಮ ಕಟ್ಟೆಯ ಪ್ರಶ್ನೆ. ಇದಕ್ಕೆ ನನ್ನದೇ ಕಥೆ ಹೇಳಬೇಕು. ನಾಚಿಕೆಯಿಂದ ಲೇಖನದಲ್ಲಿ ಬರೆದಿರಲಿಲ್ಲ.

ಕೊಲ್ಹಾರದ ಸೇತುವೆ ನಿಮಗೆ ಗೊತ್ತೇ ಇದೆ, ಬೀಳಗಿಯಿಂದ ವಿಜಯಪುರಕ್ಕೆ ಬರುವಾಗಲೆಲ್ಲ ದಾಟುತ್ತೀರಿ. ಸುಮಾರು ಮೂರು ಕಿಲೋಮೀಟರ್ ಉದ್ದ, ಎರಡೂ ಕಡೆ ಆಲಮಟ್ಟಿಯ ಹಿನ್ನೀರು. ಬಾಗಲಕೋಟೆಯಲ್ಲಿರುವ ಅಕ್ಕನ ಮನೆಗೆ ಹೋಗುವಾಗ ಒಮ್ಮೆ ಆ ಸೇತುವೆಯ ನಟ್ಟನಡುವೆ, ಬಸ್ಸಿನಲ್ಲಿ, ನನ್ನ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ಕೈ ಜೋಮು ಹಿಡಿಯಿತು, ಉಸಿರು ಸಿಗಲಿಲ್ಲ. ಸತ್ತೇ ಹೋದೆ ಅಂದುಕೊಂಡೆ. ಆಸ್ಪತ್ರೆಗೆ ಓಡಿದೆವು. ಇಸಿಜಿ ಚೆನ್ನಾಗಿತ್ತು. ಇನ್ನೊಂದು ಕಡೆ ಹೋದೆ, ಅಲ್ಲೂ ಇಸಿಜಿ, ಅದೂ ಚೆನ್ನಾಗಿತ್ತು. ‘ಏನೂ ಇಲ್ರಿ, ಟೆನ್ಷನ್ ತಗೋಬ್ಯಾಡ್ರಿ’ ಅಂದರು ಅಲ್ಲಿಯ ಡಾಕ್ಟರು. ಕಟ್ಟೆಯ ಮೇಲೂ ಅದೇ ಮಾತು. ‘ಗಂಡಸಾಗಿ ನೀರಿಗೆ ಅಂಜ್ತೀಯೇನೋ’ ಅಂತ ಒಬ್ಬರು. ‘ಗಾಳಿ ಬಡಿದೈತಿ, ತಾಯಿತ ಕಟ್ಟಿಸು’ ಅಂತ ಇನ್ನೊಬ್ಬರು. ತಾಯಿತವನ್ನೂ ಕಟ್ಟಿಸಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಎರಡು ವರ್ಷ ನಾನು ಆ ಸೇತುವೆ ಹತ್ತಲಿಲ್ಲ. ಅಕ್ಕನ ಮನೆಗೆ ರೈಲಿನಲ್ಲೇ ಹೋಗಿ ಬಂದೆ.

ಕೊನೆಗೆ ಈ ಸೈಕಾಲಜಿಸ್ಟ್ ಹತ್ತಿರ ಹೋದೆ. ಮೊದಲ ದಿನ ಮುಕ್ಕಾಲು ಗಂಟೆ ಅವರು ಸುಮ್ನೆ ಕೇಳಿಸಿಕೊಂಡರು, ನಡುನಡುವೆ ಸಣ್ಣ ಪ್ರಶ್ನೆ. ‘ರೈಲೂ ಹೊಳಿ ಮ್ಯಾಲೇ ಹೋಗತೈತೆಲ್ರಿ, ಅಲ್ಲಿ ಯಾಕ ಅಂಜಿಕಿ ಬರಂಗಿಲ್ಲ?’ ಅಂದರು. ನಾನು ಹೇಳಿದೆ, ‘ಕಣ್ಣು ಮುಚ್ಚಿ ಕೂಡ್ತೀನ್ರಿ.’ ಅವರು ಅದನ್ನು ಬರೆದುಕೊಂಡರು. ಎರಡು ವರ್ಷದಲ್ಲಿ ಯಾರೂ ನನಗೆ ಕೇಳದ ಪ್ರಶ್ನೆ ಅದು.

ಮುಂದಿನ ಸಲ ವಿವರಿಸಿದರು. ಗಾಬರಿಯಾದಾಗ ಉಸಿರಾಟ ಜೋರಾಗುತ್ತೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತೆ, ಅದಕ್ಕೇ ಕೈ ಜೋಮು, ತಲೆಸುತ್ತು. ನಾನು ಅದನ್ನು ಸಾವು ಅಂದುಕೊಂಡೆ. ಹಾಗೆ ಅಂದುಕೊಂಡಿದ್ದರಿಂದಲೇ ಎದೆ ಇನ್ನೂ ಜೋರಾಗಿ ಬಡಿಯಿತು. ಸುಮಾರು ಹತ್ತು ನಿಮಿಷದಲ್ಲಿ ಅದು ತುದಿಗೇರಿ ತಾನೇ ಇಳಿಯುತ್ತದಂತೆ. ಕಣ್ಣು ಮುಚ್ಚಿ, ದಾರಿ ತಪ್ಪಿಸಿ ಓಡಾಡಿದವನಿಗೆ ಆ ಇಳಿಯುವುದು ನೋಡಲು ಸಿಕ್ಕಿದ್ದಾದರೂ ಎಲ್ಲಿ?

ಆಮೇಲೆ ಕೈಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟರು. ನಿಮ್ಮ ಶಾಲೆಯ ಮಕ್ಕಳು ತರುತ್ತಾರಲ್ಲ, ಅಂಥದ್ದೇ. ಅಂಜಿಕೆಗೆ ಸೊನ್ನೆಯಿಂದ ನೂರರವರೆಗೆ ಮಾರ್ಕ್ಸ್ ಹಾಕಬೇಕು. ಸೇತುವೆಯ ಫೋಟೋ ನೋಡಿದರೆ 30. ಕೊಲ್ಹಾರದ ದಂಡೆಯಲ್ಲಿ ನಿಂತು ನೀರು ನೋಡಿದರೆ 50. ತಮ್ಮನ ಬೈಕಿನ ಹಿಂದೆ ಕುಳಿತು ದಾಟಿದರೆ 80. ಒಬ್ಬನೇ ಬಸ್ಸಿನಲ್ಲಿ, ಕಣ್ಣು ತೆರೆದು, 100. ಕೆಳಗಿನ ಮೆಟ್ಟಿಲಿನಿಂದ ಶುರು. ಒಂದೊಂದರಲ್ಲೂ ಮಾರ್ಕ್ಸ್ ಅರ್ಧಕ್ಕೆ ಇಳಿಯುವವರೆಗೆ ನಿಲ್ಲಬೇಕು, ಓಡಿ ಬರುವಂತಿಲ್ಲ. ಜೊತೆಗೆ ಆ ಹೊತ್ತಿಗೆ ತಲೆಯಲ್ಲಿ ಓಡಿದ ಮಾತನ್ನು ಬರೆಯಬೇಕು. ಅದಕ್ಕೆ ಪುರಾವೆ ಏನು, ಅದು ಸುಳ್ಳು ಅನ್ನೋಕೆ ಪುರಾವೆ ಏನು, ಎರಡು ಕಾಲಂ. ನಾನು ಹನ್ನೊಂದು ವಾರ ಹೋದೆ. ಮೂರನೇ ವಾರ ಬಿಟ್ಟುಬಿಡೋಣ ಅನಿಸಿತ್ತು. ನೂರರ ಮೆಟ್ಟಿಲು ದಾಟಿದ ದಿನ ಕೊಲ್ಹಾರದಲ್ಲಿಳಿದು ಮಣ್ಣಿನ ಗಡಿಗೆಯ ಮೊಸರು ತಿಂದೆ. ಹೊಟ್ಟೆ ತುಂಬಿದರೂ ಇನ್ನೊಂದು ತಗೊಂಡೆ.

ಇದೇನೂ ಅವರು ಕಂಡುಹಿಡಿದದ್ದಲ್ಲ. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಪದ್ಧತಿಯನ್ನು ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1958ರಲ್ಲೇ ಪುಸ್ತಕ ಮಾಡಿದ್ದರು. ಯೋಚನೆಗೆ ಪುರಾವೆ ಕೇಳುವ ಚಿಕಿತ್ಸೆ 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಅವರಿಂದ ಬೆಳೆಯಿತು. ಅವರು ಸ್ವತಃ ಮನೋವೈದ್ಯರು. ಮಾಸ್ತರೇ, ಕಟ್ಟೆಯವರು ನನಗೆ ‘ಅಂಜಬ್ಯಾಡ’ ಅಂದರು. ಈ ಸೈಕಾಲಜಿಸ್ಟ್ ಆ ಮಾತನ್ನು ಒಂದು ಸಲವೂ ಆಡಲಿಲ್ಲ. ದುಡ್ಡು ಕೊಟ್ಟದ್ದು ಅದಕ್ಕೇ ಅಂತ ಇಟ್ಟುಕೊಳ್ಳಿ. ಇನ್ನೊಂದು, ಕಟ್ಟೆಯಲ್ಲಿ ಹೇಳಿದ್ದು ಸಂಜೆಯೊಳಗೆ ಊರೆಲ್ಲ ಹರಡುತ್ತೆ. ಇವರು ಗುಟ್ಟು ಕಾಯಲೇಬೇಕು, ಕಾಯ್ದೆಯೇ ಇದೆ. ಜೀವಕ್ಕೆ ಅಪಾಯ ಇದ್ದಂಥ ಸಂದರ್ಭ ಮಾತ್ರ ಬೇರೆ.

ಗುಳಿಗೆ ಬೇಡ ಅಂತ ನಾನು ಹೇಳುತ್ತಿಲ್ಲ. ಇಲ್ಲದ ದನಿ ಕೇಳಿಸುವ ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಔಷಧಿ ಬೇಕೇ ಬೇಕು. ಅಂಥವರು ಬಂದರೆ ಈ ಸೈಕಾಲಜಿಸ್ಟ್ ಮೊದಲ ದಿನವೇ ಮನೋವೈದ್ಯರ ಹತ್ತಿರ ಕಳಿಸುತ್ತಾರೆ.

ಓದಿದ್ದು ಬೆಂಗಳೂರಿನಲ್ಲಾದ್ದರಿಂದ ಅವರಿಗೆ ಇಲ್ಲಿ ಮೊದಲ ವರ್ಷ ಕಷ್ಟವಾಗಿತ್ತು. ‘ಖಿನ್ನತೆ ಇದೆಯಾ?’ ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತ ತಲೆಯಾಡಿಸುತ್ತಿದ್ದರಂತೆ. ಒಬ್ಬ ಅಜ್ಜಿ ಮಾತ್ರ, ‘ಅದೇನೋ ನನಗ ಗೊತ್ತಿಲ್ಲವ್ವಾ, ಜೀವಾ ಒಲ್ಲೆ ಅಂತೈತಿ’ ಅಂದರು. ಅಂದಿನಿಂದ ಅವರ ಪ್ರಶ್ನೆಗಳು ನಮ್ಮ ಭಾಷೆಗೆ ಬಂದವು. ‘ಜೀವಕ್ಕ ಬ್ಯಾಸರ ಆಗೈತೇನ್ರಿ? ಉಂಡದ್ದು ರುಚಿ ಹತ್ತತೈತೇನು?’ ಅಜ್ಜಿ ಯಾವೂರಿನವರು ಅಂತ ನಾನು ಕೇಳಿದೆ. ಹೇಳಲಿಲ್ಲ.

ಈ ಕೆಲಸದಲ್ಲಿ ಪರೀಕ್ಷೆಗಳೂ ಇವೆ. ನಿಮ್ಮ ತರಗತಿಯಲ್ಲಿ ‘ದಡ್ಡ’ ಅನಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತ ಹುಡುಗರು ನೆನಪಿದ್ದಾರಾ? ಅವರಿಗೆ ನಿಜಕ್ಕೂ ಏನು ಕಷ್ಟ ಅಂತ ಅಳೆಯುವುದು ಇವರ ಕೆಲಸ. ಫ್ರಾನ್ಸಿನ ಬಿನೆ ಎಂಬ ಮನಃಶಾಸ್ತ್ರಜ್ಞರ ಬುದ್ಧಿ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದರು. ಅವರ ಹೆಸರಿನ ಪರೀಕ್ಷೆ ನಮ್ಮ ಆಸ್ಪತ್ರೆಗಳಲ್ಲಿ ಬಹಳ ಕಾಲ ಬಳಕೆಯಲ್ಲಿ ಉಳಿಯಿತು.

ಹೊಟ್ಟೆಪಾಡಿನ ಮಾತು. ಬೇಗ ದುಡ್ಡು ಮಾಡುವ ದಾರಿ ಇದಲ್ಲ, ಓದೇ ಏಳು ವರ್ಷ. ಆದರೆ ಕೆಲಸ ಇದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಬಂತು. ಅದರ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯೂ ಇದೆ. ಮೆಡಿಕಲ್ ಕಾಲೇಜು, ಖಾಸಗಿ ಆಸ್ಪತ್ರೆ, ಸ್ವಂತ ಕ್ಲಿನಿಕ್ ಬೇರೆ.

ಮೊಮ್ಮಗಳಿಗೆ ಒಂದು ಎಚ್ಚರಿಕೆ. ಎಂ.ಎ. ಧಾರವಾಡದಲ್ಲೇ ಮಾಡಬಹುದು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಭಾಗ ಇದೆ. ಅದರ ನಂತರದ ಎರಡು ವರ್ಷದ ತರಬೇತಿ ಇಲ್ಲಿಯವರೆಗೆ ಎಂ.ಫಿಲ್. ಹೆಸರಿನಲ್ಲಿತ್ತು. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿ 2022ರಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಈ ವಿಷಯಕ್ಕೆ ಮಾತ್ರ 2025–26ರವರೆಗೆ ಪ್ರವೇಶಕ್ಕೆ ಅವಕಾಶ ಕೊಟ್ಟಿತು. ಹಾಗಾಗಿ ಕಾಲೇಜಿನವರ ಬಾಯಿಮಾತು ನಂಬದೆ, ಫೀ ಕಟ್ಟುವ ಮೊದಲು ಆ ಕೋರ್ಸಿಗೆ ಆರ್‌ಸಿಐ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಲಿ. ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಹಿಡಿದು ಬೋರ್ಡ್ ಹಾಕಿದವರೂ ಇದ್ದಾರೆ.

ನಿಮ್ಮ ಪತ್ರದ ಕೊನೆಯ ಸಾಲು, ಮನೆಯವರು ಹೋದ ಮೇಲೆ ನಿಮಗೆ ರಾತ್ರಿ ಮೂರಕ್ಕೇ ಎಚ್ಚರವಾಗುತ್ತೆ ಅಂತ ಬರೆದು ಹೊಡೆದುಹಾಕಿದ್ದೀರಲ್ಲ, ಅದನ್ನೂ ಓದಿದೆ. 14416ಕ್ಕೆ ಫೋನ್ ಮಾಡಬಹುದು. ಟೆಲಿ-ಮಾನಸ್ ಅಂತ ಅದರ ಹೆಸರು, ಪುಕ್ಕಟೆ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಾ ಮೊಮ್ಮಗಳನ್ನು ಕರೆದುಕೊಂಡು ಒಂದು ದಿನ ವಿಜಯಪುರಕ್ಕೇ ಬನ್ನಿ, ಅವರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಬರುವಾಗ ಹೇಗೂ ಕೊಲ್ಹಾರ ದಾಟುತ್ತೀರಿ. ಒಂದು ಗಡಿಗೆ ಮೊಸರು ತನ್ನಿ.

ನಿಮ್ಮ,
ಸಂಪಾದಕ