ಐಸಿಯು ಬಾಗಿಲ ಹೊರಗೆ ನಿಂತವರ ಪ್ರಶ್ನೆಗಳು

ಓದುಗರ ಪತ್ರಗಳಿಗೆ ಬೆಳಗಾವಿಯ ನಿವೃತ್ತ ಶುಶ್ರೂಷಾ ಅಧ್ಯಾಪಕಿಯೊಬ್ಬರ ಉತ್ತರ

ಪ್ರಶ್ನೆ: ನಮ್ಮ ತಂದೆಯವರಿಗೆ 74 ವರ್ಷವಾಗಿತ್ತು. ನ್ಯುಮೋನಿಯಾ ಆಗಿ, ಮುಂದೆ ಕಿಡ್ನಿಯೂ ಕೆಲಸ ನಿಲ್ಲಿಸಿ, ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುದಲ್ಲಿ ಹನ್ನೊಂದು ದಿನ ವೆಂಟಿಲೇಟರ್ ಮೇಲಿದ್ದರು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ, ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಹನ್ನೆರಡನೆಯ ದಿನ ಡಾಕ್ಟರು ಕಾರಿಡಾರಿನಲ್ಲಿ ನಿಂತುಕೊಂಡೇ, "ಇನ್ನ ಭಾಳ ಆಶಾ ಇಲ್ಲ, ಏನ್ ಮಾಡೂಣು ನೀವ ಹೇಳ್ರಿ" ಎಂದರು. ಅಣ್ಣ ಮುಂದುವರಿಸೋಣ ಎಂದ, ನಾನು ಮನೆಗೆ ಒಯ್ಯೋಣ ಎಂದೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ ಎಂಬ ಫಾರ್ಮಿಗೆ ಸಹಿ ಮಾಡಿದವಳು ನಾನೇ. ಊರು ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಅಪ್ಪ ತೇಕುತ್ತ ತೇಕುತ್ತ ಹೋದರು. ಅಂದಿನಿಂದ ಅಣ್ಣ ನನ್ನೊಡನೆ ಮಾತಾಡಿಲ್ಲ. ಅಪ್ಪ ಸತ್ತದ್ದು ನನ್ನ ಸಹಿಯಿಂದಲೇ?
– ಒಬ್ಬ ಓದುಗರು, ಬೈಲಹೊಂಗಲ ತಾಲೂಕು

ಉತ್ತರ: ಅಲ್ಲ, ತಾಯಿ. ನಿಮ್ಮ ತಂದೆಯವರ ಸಾವಿಗೆ ಕಾರಣ ಅವರ ಕಾಯಿಲೆ. ಶ್ವಾಸಕೋಶ, ಮೂತ್ರಪಿಂಡ ಎರಡೂ ಸೋತು, ಹನ್ನೊಂದು ದಿನದ ಯಂತ್ರದ ನೆರವಿನ ಬಳಿಕವೂ ಚೇತರಿಕೆಯ ಲಕ್ಷಣ ಕಾಣದಿದ್ದಾಗ ಒಂದು ಸಹಿ ಸಾವನ್ನು ತರುವುದೂ ಇಲ್ಲ, ತಡೆಯುವುದೂ ಇಲ್ಲ. ಆದರೆ ಅವರು ತೇಕುತ್ತ ಹೋದರು ಎಂಬ ನಿಮ್ಮ ಸಂಕಟ ಬೇರೆಯದು, ಅದು ನಿಜವಾದ ಸಂಕಟ. ಅದರ ಹೊಣೆ ನಿಮ್ಮದಲ್ಲವೆಂದು ಹೇಳುವುದಕ್ಕಾಗಿಯೇ ಈ ಉತ್ತರವನ್ನು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನೀವು ಸಹಿ ಮಾಡಿದ ಕಾಗದವನ್ನೇ ನೋಡಿ. ಆಶೆ ಇಲ್ಲ ಎಂದವರೂ ಆಸ್ಪತ್ರೆಯವರೇ, ನಮ್ಮ ಸಲಹೆಗೆ ವಿರುದ್ಧವಾಗಿ ಒಯ್ಯುತ್ತಿದ್ದಾರೆ ಎಂದು ಬರೆಸಿಕೊಂಡವರೂ ಅವರೇ. ಕಾನೂನಿನ ಭಯದಿಂದ ಹುಟ್ಟಿದ ಈ ರೂಢಿಯಲ್ಲಿ ರೋಗಿಯ ಕೊನೆಯ ಗಳಿಗೆಯ ಆರೈಕೆ ಯಾರ ಪಾಲಿಗೂ ಬಾರದೆ ಹೋಗುತ್ತದೆ. ಯಂತ್ರದ ಆಸರೆ ತೆಗೆಯುವ ಮೊದಲೇ ಮಾರ್ಫಿನ್‌ನಂಥ ಔಷಧಿಯಿಂದ ಉಬ್ಬಸವನ್ನು ತಗ್ಗಿಸಿ, ಮನೆಯವರನ್ನು ಹಾಸಿಗೆಯ ಪಕ್ಕದಲ್ಲಿ ಕೂಡಿಸಿ, ಸಿಸ್ಟರ್ ಒಬ್ಬರು ಕೊನೆಯವರೆಗೂ ಬಳಿಯಲ್ಲಿದ್ದು ನಡೆಸಬೇಕಾದ ಕೆಲಸವದು. ಓಡುವ ಆಂಬುಲೆನ್ಸಿನಲ್ಲಿ ಇದಾವುದೂ ಸಾಧ್ಯವಿಲ್ಲ.

ಇದಕ್ಕೆ ಕಾನೂನಿನ ದಾರಿ ಇದೆ. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ತೀರ್ಪು ನೀಡಿತು, ಆಗ ವಿಧಿಸಿದ್ದ ಕಠಿಣ ನಿಯಮಗಳನ್ನು 2023ರ ಜನವರಿಯಲ್ಲಿ ಸಡಿಲಿಸಿತು. ಅದರಂತೆ ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರೂ ಕೂಡಿದ ಮೊದಲನೆಯ ಮಂಡಳಿ ರೋಗಿಯನ್ನು ನೋಡಿ ಅಭಿಪ್ರಾಯ ಕೊಡಬೇಕು, ಬೇರೆ ಮೂವರ ಎರಡನೆಯ ಮಂಡಳಿ ಅದನ್ನು ಪರಿಶೀಲಿಸಬೇಕು, ಮನೆಯವರ ಒಪ್ಪಿಗೆ ಇರಬೇಕು, ಮತ್ತು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಗಳೊಳಗೆ ಹೇಳಬೇಕೆಂದೂ ಕೋರ್ಟು ಸೂಚಿಸಿದೆ. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಆದೇಶವನ್ನು 2025ರ ಜನವರಿ 30ರಂದು ಹೊರಡಿಸಿತು. ಈ ದಾರಿಯನ್ನು ನಿಮಗೆ ಯಾರೂ ಹೇಳಿಕೊಡಲಿಲ್ಲ. ಅದನ್ನು ಹುಡುಕಿ ತಿಳಿದುಕೊಳ್ಳುವುದು ನಿಮ್ಮ ಕೆಲಸವಾಗಿರಲಿಲ್ಲ.

ಇನ್ನು ಆ ಕಾರಿಡಾರಿನ ಮಾತಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಮನೆ ಒಡೆದದ್ದು ಅಲ್ಲಿ. "ಏನ್ ಮಾಡೂಣು" ಎಂಬ ಪ್ರಶ್ನೆಗೆ ಮಗ, ಮಗಳು, ಅಳಿಯ ಒಬ್ಬೊಬ್ಬರೂ ತಮ್ಮ ತಮ್ಮ ಪ್ರೀತಿಯಿಂದ, ತಮ್ಮ ತಮ್ಮ ಭಯದಿಂದ ಉತ್ತರ ಕೊಡುತ್ತಾರೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: "ಅಪ್ಪಾರು ಈಗ ಎದ್ದು ಕೂತು ಇದನ್ನೆಲ್ಲಾ ನೋಡಿದ್ರ ಏನಂತಿದ್ರು?" ಹೀಗೆ ಕೇಳಿದಾಗ ತೀರ್ಮಾನದ ಭಾರ ಮಕ್ಕಳ ತಲೆಯ ಮೇಲಿಂದ ಇಳಿದು, ತಂದೆಯ ಬಾಳನ್ನು ನೆನಪಿಸಿಕೊಳ್ಳುವ ಮಾತಾಗುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಐಸಿಯು ವೈದ್ಯರು ಮನೆಯವರೊಡನೆ ನಡೆಸಿದ 51 ಸಭೆಗಳನ್ನು ಧ್ವನಿಮುದ್ರಿಸಿ ಅಳೆದಾಗ, ಮನೆಯವರು ಮಾತಾಡಿದ್ದು ಶೇ. 29ರಷ್ಟು ಹೊತ್ತು ಮಾತ್ರ. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ತಾವು ಹೆಚ್ಚು ಮಾತಾಡಿದ ಮನೆಯವರು ಹೆಚ್ಚು ಸಮಾಧಾನ ತೋರಿದ್ದರು. ಫ್ರಾನ್ಸಿನ 22 ಐಸಿಯುಗಳಲ್ಲಿ ಸಾವಿನಂಚಿನಲ್ಲಿದ್ದ 126 ರೋಗಿಗಳ ಮನೆಯವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸ್ಪಷ್ಟವಾಗಿದೆ. ಮನೆಯವರ ಮಾತನ್ನು ಕಿವಿಗೊಟ್ಟು ಕೇಳುವ ಕ್ರಮವನ್ನು ಪಾಲಿಸಿ, ದುಃಖದ ಕುರಿತ ಚಿಕ್ಕ ಪುಸ್ತಿಕೆಯನ್ನೂ ಕೊಟ್ಟ ಕಡೆ ಮನೆಯವರು ಸುಮಾರು 14 ನಿಮಿಷ ಮಾತಾಡಿದರು. ರೂಢಿಯಂತೆ ನಡೆದ ಕಡೆ 5 ನಿಮಿಷ. ಮೂರು ತಿಂಗಳ ಬಳಿಕ ಮಾನಸಿಕ ಆಘಾತದ ಲಕ್ಷಣಗಳು ಮೊದಲ ಗುಂಪಿನಲ್ಲಿ ಶೇ. 45, ಎರಡನೆಯದರಲ್ಲಿ ಶೇ. 69ರಷ್ಟು ಜನರಲ್ಲಿ ಕಂಡವು. ಒಂಬತ್ತು ನಿಮಿಷದ ಅಂತರವದು. ನಿಮಗೆ ಆ ಒಂಬತ್ತು ನಿಮಿಷ ಸಿಗಲಿಲ್ಲ, ನಿಮ್ಮ ಅಣ್ಣನಿಗೂ ಸಿಗಲಿಲ್ಲ.

ಅಣ್ಣನ ಹತ್ತಿರ ಹೋದಾಗ ಸಹಿಯ ಮಾತು ಎತ್ತಬೇಡಿ. ಆ ಹನ್ನೊಂದು ದಿನ ಅವನು ಆಸ್ಪತ್ರೆಯ ಹೊರಗೆ ಹೇಗೆ ಕಳೆದ, ಆ ಹತ್ತು ನಿಮಿಷಗಳಲ್ಲಿ ಒಳಗೆ ಏನು ಕಂಡ ಎಂದು ಕೇಳಿ. ಒಳಗೆ ಹೋದವರು ಕಂಡದ್ದು ಒಂದು, ಹೊರಗೆ ಕುಳಿತವರು ಊಹಿಸಿಕೊಂಡದ್ದು ಇನ್ನೊಂದು ಆಗಿರುವುದು ಬಹಳ ಮನೆಗಳಲ್ಲಿ ಉಂಟು.

ಪ್ರಶ್ನೆ: ವಿಜಯಪುರದಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಐಸಿಯುದಲ್ಲಿ ರೋಗಿಯ ಮನೆಯವರ ಭಾಗವಹಿಸುವಿಕೆಯ ಕುರಿತು ಪ್ರಬಂಧ ಮಾಡಬೇಕೆಂದಿದ್ದೇನೆ. ಮನೆಯವರ ತೃಪ್ತಿಯನ್ನು ಪ್ರಶ್ನಾವಳಿಯಿಂದ ಅಳೆದರೆ ಸಾಕೆಂದು ಕೆಲವರು ಹೇಳುತ್ತಾರೆ. ತಮ್ಮ ಸಲಹೆ ಏನು?
– ಒಬ್ಬ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಸಾಲದು. ಬಿಡುಗಡೆಯ ದಿನ ನಮ್ಮ ಕಡೆಯ ಜನರ ಕೈಗೆ ಪ್ರಶ್ನಾವಳಿ ಕೊಟ್ಟರೆ, "ಎಲ್ಲಾ ಛಲೋ ನೋಡ್ಯಾರ್ರೀ" ಎಂಬ ಒಂದೇ ಉತ್ತರ ಬರುತ್ತದೆ. ಅದು ಸೌಜನ್ಯ, ಮಾಹಿತಿಯಲ್ಲ.

ಈ ವಿಷಯಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ನರ್ಸ್ ಎಂಬುದನ್ನು ನೆನಪಿಡಿ. ನ್ಯಾನ್ಸಿ ಮೋಲ್ಟರ್ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಮಂದಿ ಸಂಬಂಧಿಕರ ಮುಂದೆ 45 ಅಗತ್ಯಗಳ ಪಟ್ಟಿಯನ್ನಿಟ್ಟು ಯಾವುದು ಎಷ್ಟು ಮುಖ್ಯವೆಂದು ಕೇಳಿದ್ದರು. ಎಲ್ಲಕ್ಕಿಂತ ಮೇಲೆ ಬಂದದ್ದು ಆಶೆ ಇದೆ ಎಂಬ ಭಾವ. ತೃಪ್ತರಾಗಿದ್ದೀರಾ ಎಂದು ಕೇಳುವುದಕ್ಕೂ ನಿಮಗೆ ಏನು ಬೇಕಾಗಿತ್ತು ಎಂದು ಕೇಳುವುದಕ್ಕೂ ಇರುವ ಅಂತರವನ್ನು ಆ ಚಿಕ್ಕ ಅಧ್ಯಯನ ತೋರಿಸುತ್ತದೆ.

ಆದರೆ ನರ್ಸುಗಳು ಸೇರಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂಬ ಊಹೆಯನ್ನು ಮೊದಲೇ ಬಿಡಿ. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಸಪೋರ್ಟ್ ಎಂಬ ಬಹುದೊಡ್ಡ ಅಧ್ಯಯನದಲ್ಲಿ, ತರಬೇತಾದ ನರ್ಸುಗಳು ರೋಗಿ, ಮನೆಯವರು ಮತ್ತು ವೈದ್ಯರ ನಡುವೆ ಓಡಾಡಿ ಮಾಹಿತಿ ಮುಟ್ಟಿಸಿದರೂ ಸಾಯುವ ರೋಗಿಗಳ ಆರೈಕೆ ಸುಧಾರಿಸಲಿಲ್ಲ. ಐದು ಐಸಿಯುಗಳ 1,420 ರೋಗಿಗಳನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಯಾ ಘಟಕದ ನರ್ಸುಗಳೇ ಮನೆಯವರೊಡನೆ ದಿನವೂ ಮಾತಾಡಿದರು. ಮಾತುಕತೆ ಚೆನ್ನಾಗಿತ್ತು ಎಂದು ಮನೆಯವರು ಹೇಳಿದರೂ, ಆರು ತಿಂಗಳ ಬಳಿಕ ಅವರ ಆತಂಕ, ಖಿನ್ನತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಎದುರಾಗಿ, ಫ್ರಾನ್ಸಿನ 34 ಐಸಿಯುಗಳ 2022ರ ಅಧ್ಯಯನದಲ್ಲಿ ವೈದ್ಯರೂ ನರ್ಸುಗಳೂ ಸಾವಿನ ಮೊದಲು ಮನೆಯವರೊಡನೆ ಕೂತರು, ಸಾಯುವ ಹೊತ್ತಿನಲ್ಲಿ ಕೋಣೆಗೆ ಬಂದು ನಿಂತರು, ಸತ್ತ ಬಳಿಕವೂ ಮನೆಯವರನ್ನು ಭೇಟಿಯಾದರು. ಆರು ತಿಂಗಳಿಗೆ ದೀರ್ಘಶೋಕ, ಅಂದರೆ ತಿಂಗಳುಗಟ್ಟಲೆ ಕರಗದೆ ಉಳಿಯುವ ದುಃಖ, ರೂಢಿಯಂತೆ ನಡೆದ ಕಡೆಯ ಶೇ. 21ರ ಬದಲು ಇಲ್ಲಿ ಶೇ. 15ರಷ್ಟು ಜನರಲ್ಲಿ ಕಂಡಿತು. ನನ್ನ ಮಟ್ಟಿಗೆ ಇಲ್ಲಿ ಮುಖ್ಯವಾದದ್ದು ಮೂರನೆಯ ಭೇಟಿ. ಹೆಣ ಒಪ್ಪಿಸಿ, ಬಿಲ್ ಮುಗಿಸಿದ ಮೇಲೆ ನಮ್ಮಲ್ಲಿ ಯಾವ ಆಸ್ಪತ್ರೆ ಮನೆಯವರಿಗೆ ಫೋನು ಮಾಡುತ್ತದೆ?

ನಿಮ್ಮ ಪ್ರಬಂಧಕ್ಕೆ ಎರಡು ಸೂಚನೆ. ಹೊರದೇಶದ ಅಧ್ಯಯನಗಳು ಹೆಚ್ಚಾಗಿ ರೋಗಿಯ ಪರವಾಗಿ ನಿರ್ಧರಿಸುವ ಒಬ್ಬರನ್ನು ಆರಿಸಿ ಅವರನ್ನೇ ಅಳೆಯುತ್ತವೆ. ಇಲ್ಲಿ ಸಹಿ ಹಾಕುವವನು ಹಿರಿಯ ಮಗ, ದುಡ್ಡು ಹೊಂದಿಸುವವನು ಅಳಿಯ, ನಿರ್ಧರಿಸುವವರು ಊರಿನಿಂದ ಬಂದ ಕಾಕಾ. ಹನ್ನೆರಡು ದಿನ ಐಸಿಯು ಮುಂದೆ ಚಾಪೆ ಹಾಸಿಕೊಂಡು ಮಲಗಿದ ಹೆಂಡತಿಯನ್ನು ಯಾರೂ ಕೇಳಿರುವುದಿಲ್ಲ. ಅವಳನ್ನು ಕೇಳಿ. ಎರಡನೆಯದಾಗಿ, ಸಾವಿನ ನಂತರದ ಸಂದರ್ಶನಕ್ಕೆ ನೈತಿಕ ಸಮಿತಿಯ ಅನುಮತಿ ಪಡೆದು, ಹನ್ನೊಂದನೆಯ ದಿನ, ಹದಿಮೂರನೆಯ ದಿನ ಎಂದು ಆಯಾ ಮನೆಯ ಕಾರ್ಯಗಳು ಮುಗಿದು, ಬಂದ ನೆಂಟರೆಲ್ಲ ಮರಳಿದ ಮೇಲೆ, ಎರಡು ಮೂರು ತಿಂಗಳು ಬಿಟ್ಟು ಅವರ ಮನೆಗೇ ಹೋಗಿ. ಮಾತನ್ನು ಅವರ ಭಾಷೆಯಲ್ಲಿಯೇ ಬರೆದುಕೊಳ್ಳಿ. "ಜೀವ ಹಿಡಕೊಂಡಿತ್ತು" ಎಂಬುದನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದರೆ ಅರ್ಧ ಅರ್ಥ ಅಲ್ಲಿಯೇ ಕಳೆದುಹೋಗುತ್ತದೆ.

ಪ್ರಶ್ನೆ: ನಮ್ಮ ಅವ್ವ ಈಗ ಬಾಗಲಕೋಟೆಯಲ್ಲಿ ಐಸಿಯುದಲ್ಲಿದ್ದಾಳೆ. ಉಳಿಯುವುದಿಲ್ಲ ಎಂದು ಹೇಳಿದ್ದಾರೆ. ನಾವು ಒಳಗೆ ಹೋದರೆ ಸೋಂಕು ತಗಲುತ್ತದೆಯೇ? ಸಿಸ್ಟರ್ ಹತ್ತಿರ ಏನು ಕೇಳಿಕೊಳ್ಳಬಹುದು?
– ಒಬ್ಬ ಓದುಗರು, ಜಮಖಂಡಿ

ಉತ್ತರ: ಬ್ರೆಜಿಲ್‌ನ 36 ಐಸಿಯುಗಳಲ್ಲಿ ಮನೆಯವರಿಗೆ ದಿನಕ್ಕೆ 12 ಗಂಟೆಯವರೆಗೆ ಒಳಗಿರಲು ಬಿಟ್ಟು ನೋಡಿದಾಗ, ರೋಗಿಗಳಲ್ಲಿ ಸೋಂಕು ಗಣನೀಯವಾಗಿ ಹೆಚ್ಚಲಿಲ್ಲ, ಮನೆಯವರ ಆತಂಕ ಮಾತ್ರ ಇಳಿಯಿತು. ಇದು 2019ರಲ್ಲಿ ಪ್ರಕಟವಾಯಿತು. ಕೈ ತೊಳೆದುಕೊಂಡು, ನಿಮಗೆ ನೆಗಡಿ, ಜ್ವರ ಇಲ್ಲದಿದ್ದರೆ, ಒಬ್ಬರಾದ ಮೇಲೆ ಒಬ್ಬರು ಹೆಚ್ಚು ಹೊತ್ತು ಕೂಡಲು ಬಿಡಿ ಎಂದು ವಾರ್ಡಿನ ಹಿರಿಯ ಸಿಸ್ಟರ್ ಬಳಿ ಸಂಕೋಚವಿಲ್ಲದೆ ಕೇಳಿ. ಡಾಕ್ಟರಿಗಿಂತ ಮೊದಲು ಅವರನ್ನು ಕೇಳುವುದು ಒಳ್ಳೆಯದು. ಹಾಸಿಗೆಯ ಬಳಿ ಯಾವ ಹೊತ್ತು ಬಿಡುವಿರುತ್ತದೆಂದು ಅವರಿಗೇ ಗೊತ್ತು.

ಅವ್ವನ ಕೈ ಹಿಡಿದುಕೊಳ್ಳಿ, ಹೆಸರು ಹೇಳಿ ಮಾತಾಡಿಸಿ. ಹಣೆಗೆ ವಿಭೂತಿ ಹಚ್ಚುವುದಕ್ಕೆ ಯಾವ ಯಂತ್ರವೂ ಅಡ್ಡಿಯಲ್ಲ. ಉಸಿರು ತಡೆತಡೆದು ಬರುವುದು, ಗಂಟಲಲ್ಲಿ ಗೊರಗೊರ ಎನ್ನುವುದು, ಕಾಲು ತಣ್ಣಗಾಗುವುದು ಕೊನೆಯ ಹೊತ್ತಿನ ಸಹಜ ಲಕ್ಷಣಗಳು. ನೋವು ಅಥವಾ ಉಬ್ಬಸ ಇದೆ ಎನಿಸಿದರೆ ಮಾತ್ರ ತಕ್ಷಣ ಸಿಸ್ಟರನ್ನು ಕರೆಯಿರಿ, ಅದಕ್ಕೆ ಔಷಧವಿದೆ. ಬಾಯಿಗೆ ತೀರ್ಥ ಬಿಡಬೇಕೆಂದಿದ್ದರೆ ಸುರಿಯಬೇಡಿ, ಗಂಟಲಲ್ಲಿ ನಳಿಕೆ ಇರುತ್ತದೆ. ಸಿಸ್ಟರನ್ನು ಕೇಳಿ ಹತ್ತಿಯನ್ನು ಅದ್ದಿ, ತುಟಿಯನ್ನಷ್ಟೇ ಒದ್ದೆ ಮಾಡಿ.